ಕೈ ಹಿಂದೆ ಕಟ್ಟಿ ನಿಂತ ಬೇಸಿಗೆ

ಮಗಳ ಮನೆ ಅಂಜನಾಪುರದಲ್ಲಿ. ಹೋದ ತಿಂಗಳು ಮೊಮ್ಮಗಳಿಗೆ ಇಂಜೆಕ್ಷನ್ ಹಾಕಿಸಲು ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಬಾಗಿಲಲ್ಲೇ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯಿತು. ಇಡೀ ಸರ್ವೀಸನ್ನು ಆ ವಾಸನೆಯಲ್ಲೇ ಕಳೆದವಳು ನಾನು. ರಿಟೈರಾಗಿ ಇಷ್ಟು ವರ್ಷವಾದರೂ ಅದು ಮೂಗಿಗೆ ಬಿದ್ದರೆ ಇನ್ನೂ ಯಾವುದೋ ಕೆಲಸ ಬಾಕಿ ಇದೆ ಅನ್ನಿಸಿ ಗಡಿಬಿಡಿಯಾಗುತ್ತದೆ.

ಬೆಂಚಿನ ಮೇಲೆ ಕೂತು ಅತ್ತಿತ್ತ ನೋಡುತ್ತಿದ್ದೆ. ಮೂಲೆಯಲ್ಲಿ ಒಬ್ಬಳು ಆರೋಗ್ಯ ಕಾರ್ಯಕರ್ತೆ, ಇನ್ನೂ ಚಿಕ್ಕ ಹುಡುಗಿ, ಭೇದಿಯಾಗುತ್ತಿದ್ದ ಮಗುವಿನ ತಾಯಿಗೆ ಪ್ಯಾಕೆಟಿನ ಪುಡಿಯನ್ನು ನೀರಿಗೆ ಕಲಸುವುದು ಹೇಗೆಂದು ಹೇಳಿಕೊಡುತ್ತಿದ್ದಳು. ಲೋಟ, ಚಮಚ, ಪುಡಿ ಎಲ್ಲವೂ ತಾಯಿಯ ಕೈಯಲ್ಲಿತ್ತು. ಹುಡುಗಿ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತು ಬಾಯಲ್ಲಿ ಮಾತ್ರ ಹೇಳುತ್ತಿದ್ದಳು.

ತಡೆಯಲಾಗದೆ ಕೇಳಿಯೇಬಿಟ್ಟೆ. "ಯಾಕಮ್ಮ ಕೈ ಹಿಂದೆ ಕಟ್ಕೊಂಡಿದ್ದೀಯಾ?"

"ಟ್ರೈನಿಂಗಲ್ಲಿ ಹಂಗೇ ಹೇಳ್ಕೊಟ್ಟಿದ್ದಾರೆ ಆಂಟಿ. ತಾಯಂದ್ರಿಗೆ ತೋರಿಸೋವಾಗ ಹಿಂಗೇ ನಿಲ್ಬೇಕಂತೆ."

"ಯಾಕಂತೆ?"

"ಗೊತ್ತಿಲ್ಲ ಆಂಟಿ," ಎಂದು ನಕ್ಕಳು. "ಮೊದ್ಲಿಂದ್ಲೂ ಹಂಗೇ ಅಂತೆ."

ಯಾಕೆಂದು ನನಗೆ ಗೊತ್ತು. ಈ ಕಡೆ ಹಾಗೆ ಮೊದಲು ನಿಂತವಳು ನಾನೇ.

ಎಂಬತ್ತರ ದಶಕದ ಶುರುವಿನ ಒಂದು ಬೇಸಿಗೆ ಅದು. ಜೆ.ಪಿ. ನಗರ ಆಗ ಊರೂ ಅಲ್ಲ, ಸಿಟಿಯೂ ಅಲ್ಲ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ರಸ್ತೆಗೆ ಜಲ್ಲಿ ಸುರಿದಿದ್ದರು, ಅಲ್ಲೊಂದು ಇಲ್ಲೊಂದು ಮನೆ ಎದ್ದಿತ್ತು. ನಡುನಡುವೆ ಹಳೆಯ ಹಳ್ಳಿಗಳು ಹಾಗೇ ಉಳಿದಿದ್ದವು. ಅವರ ಹೊಲಗಳೆಲ್ಲ ಬಡಾವಣೆಗೆ ಹೋಗಿ, ರಾಗಿ ಬೆಳೆಯುತ್ತಿದ್ದವರು ಅಂಗಡಿ ಇಡುವುದೋ ಮನೆ ಕಟ್ಟಿ ಬಾಡಿಗೆಗೆ ಕೊಡುವುದೋ ಎಂದು ಯೋಚಿಸುತ್ತಿದ್ದ ಕಾಲ. ನಮ್ಮ ಆರೋಗ್ಯ ಕೇಂದ್ರ ಒಂದು ಬಾಡಿಗೆ ಮನೆಯಲ್ಲಿತ್ತು. ಮನೆಮನೆಗೆ ಹೋಗಿ ತಾಯಿ ಮಕ್ಕಳನ್ನು ನೋಡಿಕೊಂಡು ಬರುವ ಕೆಲಸಕ್ಕೆ ಟೆಂಪರರಿಯಾಗಿ ಇದ್ದವರು ಇಬ್ಬರು, ನಾನು ಮತ್ತು ಶಶಿಕಲಾ.

ಶಶಿ ಜಯನಗರದವಳು, ಮೇಷ್ಟ್ರ ಮಗಳು. ಮಾತು ಮೆತ್ತಗೆ, ಕೈ ಚುರುಕು. ನಾನು ಮಡಿವಾಳದ ಕೆರೆ ಹತ್ತಿರದ ನಮ್ಮ ಕೇರಿಯವಳು, ಬಾಯಿ ಜೋರು. ಅಪ್ಪ ಬಸ್ ಡಿಪೋದಲ್ಲಿ ಟೈರ್ ಬಿಚ್ಚಿ ಹಾಕುವ ಕೆಲಸದಲ್ಲಿದ್ದ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ನಮ್ಮ ಕೇರಿಯ ಕೆಲವರ ಜೊತೆ ಬೌದ್ಧನಾದ. ಗೋಡೆಯ ಮೇಲಿದ್ದ ಹಳೆಯ ಪಟಗಳನ್ನೆಲ್ಲ ಇಳಿಸಿ ಬುದ್ಧನ ಒಂದೇ ಒಂದು ಪಟ ಹಾಕಿದ. ಅವತ್ತು ನನ್ನನ್ನು ಮುಂದೆ ಕೂರಿಸಿಕೊಂಡು, "ಚಂದ್ರಾ, ಇನ್ಮೇಲೆ ಯಾರ ಮನೆ ಬಾಗಿಲಲ್ಲೂ ಕೈಕಟ್ಕೊಂಡು ನಿಲ್ಲೋ ಹಂಗಿಲ್ಲ, ತಿಳೀತಾ?" ಎಂದ. ನಾನು ತಿಳೀತು ಎಂದೆ.

ಆ ಬೇಸಿಗೆಯ ಹಿಂದಿನ ಚಳಿಗಾಲದಲ್ಲಿ ನಮ್ಮಂಥ ಕಾರ್ಯಕರ್ತೆಯರಿಗೆಲ್ಲ ಜಯನಗರದ ಒಂದು ಹಾಲಿನಲ್ಲಿ ಟ್ರೈನಿಂಗ್ ನಡೆಯಿತು. ವಾಂತಿ ಭೇದಿಯಾದ ಮಗು ಸಾಯುವುದು ಮೈಯ ನೀರು ಬತ್ತಿ, ಅದಕ್ಕೆ ದೊಡ್ಡಾಸ್ಪತ್ರೆಯೇ ಬೇಕೆಂದಿಲ್ಲ, ಅಡುಗೆಮನೆಯಲ್ಲೇ ಔಷಧಿ ಇದೆ ಎಂದು ನಮಗೆ ಕಲಿಸಿದವರು ಡಾಕ್ಟರ್ ಸುಲೋಚನಾ. ಕುದಿಸಿ ಆರಿಸಿದ ನೀರು ಒಂದು ದೊಡ್ಡ ಲೋಟ, ಒಂದು ಚಮಚ ಸಕ್ಕರೆ, ಮೂರು ಬೆರಳ ತುದಿಯಲ್ಲಿ ಹಿಡಿದಷ್ಟು ಪುಡಿ ಉಪ್ಪು. ಕೈ ತೊಳೆದು ಮಾಡಬೇಕು. ಕೊನೆಗೆ ರುಚಿ ನೋಡಬೇಕು, ಕಣ್ಣೀರಿಗಿಂತ ಉಪ್ಪಾಗಿರಬಾರದು. ಉಪ್ಪು ಹೆಚ್ಚಾದರೆ ಔಷಧಿಯೇ ಮಗುವಿಗೆ ವಿಷ. ಮೇಡಂ ಬಿಳಿ ಸೀರೆ ಉಟ್ಟು, ಕನ್ನಡಕ ಮೂಗಿನ ತುದಿಗಿಳಿಸಿ, ತಪ್ಪಾದರೆ ಗದರುತ್ತಿದ್ದರು. ಕೊನೆಯ ದಿನದ ಪರೀಕ್ಷೆಯಲ್ಲಿ ನಾನೇ ಮೊದಲು ಬಂದೆ. ಆ ಟ್ರೈನಿಂಗ್ ಹಾಲಿನಲ್ಲಿದ್ದ ಪಾತ್ರೆಗಳನ್ನು ನಾನು ಮುಟ್ಟಿದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಹೊರಡುವಾಗ ಮೇಡಂ ಹೇಳಿದರು. "ಕಲ್ತಿದ್ದು ಈ ಹಾಲಲ್ಲೇ ಉಳಿದ್ರೆ ಈ ಟ್ರೈನಿಂಗ್ ದಂಡ. ಬೇಸಿಗೇಲಿ ನಾನೇ ಬಂದು ನೋಡ್ತೀನಿ, ನಿಮ್ಮಿಂದ ಯಾರಿಗೆ ಏನು ಉಪಯೋಗ ಆಯ್ತು ಅಂತ." ಆಮೇಲೆ ಆಫೀಸಿನಿಂದ ಇನ್ನೊಂದು ಸುದ್ದಿ ಬಂತು. ನಮ್ಮ ಸೆಂಟರಿಗೆ ಖಾಯಂ ಹುದ್ದೆ ಇರುವುದು ಒಂದೇ. ಮೇಡಂ ಕೊಡುವ ವರದಿ ನೋಡಿ ಇಬ್ಬರಲ್ಲಿ ಒಬ್ಬರನ್ನು ಇಟ್ಟುಕೊಳ್ಳುತ್ತಾರೆ. ಇನ್ನೊಬ್ಬರು ಮನೆಗೆ. ನನಗೆ ಆ ಕೆಲಸ ಬೇಕೇಬೇಕಿತ್ತು. ಸಂಬಳಕ್ಕೆ ಮಾತ್ರವಲ್ಲ. ಅಪ್ಪ ಡಿಪೋದಲ್ಲಿ ಎಲ್ಲರಿಗೂ "ನನ್ನ ಮಗಳು ಡಾಕ್ಟರ್ ಕೈಕೆಳಗೆ ಇದ್ದಾಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದ.

ನನ್ನ ಪಾಲಿಗೆ ಬಂದಿದ್ದು ಒಂದು ಹಳೆಯ ಹಳ್ಳಿ. ಊರಿನ ಹೆಸರು ಬೇಡ, ನಾನು ಹೇಳಲಿರುವ ಮನೆಯವರು ಈಗಲೂ ಇದ್ದಾರೆ, ಅವರ ಹೆಸರೂ ಬದಲಿಸಿದ್ದೇನೆ. ಮೊದಲ ದಿನ ಹೋಗಿದ್ದು ನಿಂಗಮ್ಮನ ಮನೆಗೆ. ನಿಂಗಮ್ಮ ಆ ಬೀದಿಯ ಹಿರಿಯ ಹೆಂಗಸು. ಸೊಸೆ ಭಾಗ್ಯ, ಮೊಮ್ಮಗ ಮಂಜ. ಇನ್ನೂ ಸರಿಯಾಗಿ ಮಾತು ಬಾರದ ಕೂಸು. ನಾನು ಉತ್ಸಾಹದಿಂದ ಜಗಲಿ ಹತ್ತಿ, "ಒಂದು ಲೋಟ ಕೊಡಿ, ಮಾಡಿ ತೋರಿಸ್ತೀನಿ" ಎಂದೆ.

ನಿಂಗಮ್ಮ ಎಲೆಯಡಿಕೆ ಅಗಿಯುತ್ತಾ, "ಯಾವ ಜನ ಅವ್ವ ನಿಮ್ದು?" ಎಂದಳು.

"ಬೌದ್ಧರು."

"ಹಂಗಂದ್ರೆ? ಮೊದ್ಲು?"

ಸುಳ್ಳು ಹೇಳು ಎಂದು ಅಪ್ಪ ಕಲಿಸಿರಲಿಲ್ಲ. ಹೇಳಿದೆ. ನಿಂಗಮ್ಮನ ಮುಖ ಗಡುಸಾಗಲಿಲ್ಲ, ದನಿಯೂ ಏರಲಿಲ್ಲ. "ಅಲ್ಲೇ ಕೆಳಗೆ ಇರು ಅವ್ವ. ನೀನು ಬಾಯಲ್ಲಿ ಹೇಳು, ನಾವೇ ಹಾಕ್ಕೋತೀವಿ. ಪಾತ್ರೆ ಮುಟ್ಟೋದು ಬ್ಯಾಡ" ಎಂದಳು. ಬೈದಿದ್ದರೆ ನಾನೂ ಬೈದು ಬರುತ್ತಿದ್ದೆ. ಅಷ್ಟು ನಯವಾಗಿ ಹೇಳಿದ್ದಕ್ಕೆ ಬಾಯಿ ಕಟ್ಟಿಹೋಯಿತು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಯಾವ ಮನೆಯಲ್ಲೂ ಜಗಲಿಯ ಮೇಲೆ ಹತ್ತಿಸಲಿಲ್ಲ. ಬಸ್ ಸ್ಟಾಪಿನಲ್ಲಿ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಆಫೀಸಿಗೆ ಹೇಳಬಹುದಿತ್ತು. ಆದರೆ ನಮಗಿಂತ ಮೊದಲು ಇದ್ದ ಒಬ್ಬಳು ಇಂಥದೇ ದೂರು ಹೇಳಿದ್ದಳು. "ನಿನ್ನ ಒಳ್ಳೇದಕ್ಕೇ" ಎಂದು ಅವಳ ಏರಿಯಾ ಬದಲಿಸಿದರು, ಅಲ್ಲೂ ಅದೇ ಆಯಿತು, ಆಮೇಲೆ "ನಿನ್ನಿಂದ ಕೆಲಸ ಆಗಲ್ಲ" ಎಂದು ತೆಗೆದೇಬಿಟ್ಟರು. ನಾನು ಯಾರಿಗೂ ಉಸಿರೆತ್ತಲಿಲ್ಲ. ಗೊತ್ತಿದ್ದುದು ಶಶಿಗೆ ಮಾತ್ರ, ಅವಳು ನನ್ನ ಕಣ್ಣು ಕೆಂಪಗಾಗಿದ್ದು ನೋಡಿ ಬಿಡದೆ ಕೇಳಿ ತಿಳಿದುಕೊಂಡಿದ್ದಳು.

ಮಾರನೆಯ ದಿನದಿಂದ ಹಟಕ್ಕೆ ಬಿದ್ದೆ. ನಾನು ಒಳಗೆ ಬರಕೂಡದು ತಾನೆ, ನೀವೇ ಹೊರಗೆ ಬನ್ನಿ. ಒಬ್ಬೊಬ್ಬಳೂ ಲೋಟ, ಸಕ್ಕರೆ ಡಬ್ಬಿ, ಉಪ್ಪು ತಂದು ಜಗಲಿಯ ಮೇಲಿಡಬೇಕು. ನಾನು ಕೆಳಗೆ ಬೀದಿಯಲ್ಲಿ ನಿಲ್ಲುತ್ತಿದ್ದೆ. ಅಭ್ಯಾಸಬಲದಿಂದ ಕೈ ಎಲ್ಲಿ ಲೋಟಕ್ಕೆ ಹೋಗಿಬಿಡುತ್ತದೋ ಎಂದು ಹೆದರಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದೆ. ಕೈ ಇಲ್ಲದ ಮೇಲೆ ಉಳಿದಿದ್ದು ಬಾಯಿ. ಒಳಗಿದ್ದ ಸಿಟ್ಟೆಲ್ಲ ಆ ಬಾಯಲ್ಲೇ ಬರುತ್ತಿತ್ತು. "ಅಯ್ಯೋ, ಚಿಟಿಕೆ ಅಂದ್ರೆ ಚಿಟಿಕೆ ಕಣಮ್ಮ, ಮೂಟೆ ಅಲ್ಲ! ಕಲ್ಲುಪ್ಪು ಹಾಕ್ತೀಯಾ? ಕುಟ್ಟಿ ಪುಡಿ ಮಾಡು. ಕೈ ತೊಳ್ದಾ? ಸಗಣಿ ವಾಸನೆ ಇಲ್ಲೀಗಂಟ ಬರ್ತಿದೆ, ಮತ್ತೆ ತೊಳಿ!" ನಾನು ಕಿರುಚಿದರೆ ಅಕ್ಕಪಕ್ಕದವರೆಲ್ಲ ಬಂದು ನಿಲ್ಲುತ್ತಿದ್ದರು, ನಗುತ್ತಿದ್ದರು, ಒಬ್ಬರಿಗೊಬ್ಬರು ತಪ್ಪು ಹೇಳುತ್ತಿದ್ದರು. ನನ್ನಿಂದ ಆಗದ ಒಂದೇ ಕೆಲಸವೆಂದರೆ ಕೊನೆಗೆ ರುಚಿ ನೋಡುವುದು. ಅದನ್ನೂ ಅವರೇ ಅಂಗೈಗೆ ಒಂದು ಹನಿ ಹಾಕಿಕೊಂಡು ನೋಡಿ ಹೇಳುತ್ತಿದ್ದರು. ಭಾಗ್ಯ ಮಾತ್ರ ಸಿಕ್ಕಾಪಟ್ಟೆ ನಗುವವಳು. "ಬೈತಾ ಇದ್ರೇನೇ ಚೆನ್ನಾಗಿ ಗ್ಯಾಪ್ಕ ಇರ್ತದೆ ಚಂದ್ರಕ್ಕ" ಎನ್ನುತ್ತಿದ್ದಳು.

ಬೇಸಿಗೆ ಬಂತು. ಆ ಸಲ ಬಿಸಿಲು ಎಂಥದೆಂದರೆ ಜಲ್ಲಿ ರಸ್ತೆಯಲ್ಲಿ ಚಪ್ಪಲಿ ಹಾಕಿಯೂ ಕಾಲು ಸುಡುತ್ತಿತ್ತು. ಬೋರಿನ ಕೈಪಂಪು ಒತ್ತಿದರೆ ಕೆಸರು ಬರುತ್ತಿತ್ತು. ಹಳ್ಳಿಯವರು ಹಳೆಯ ಬಾವಿಗೆ ಮತ್ತೆ ಕೊಡ ಇಳಿಸತೊಡಗಿದರು. ಒಂದು ಮಳೆ ಬಿದ್ದು ಬೀದಿಯ ಹೊಲಸೆಲ್ಲ ಬಾವಿಗೆ ಇಳಿಯಿತು. ಅಲ್ಲಿಂದ ಶುರುವಾಯಿತು ವಾಂತಿ ಭೇದಿ. ನಾನೂ ಶಶಿಯೂ ಬ್ಲೀಚಿಂಗ್ ಪೌಡರಿನ ಚೀಲ ಹೊತ್ತು ಬಾವಿಯಿಂದ ಬಾವಿಗೆ ಓಡುತ್ತಿದ್ದೆವು. ಅದರ ನಡುವೆಯೇ ಮೇಡಂ ಬರುವ ದಿನ ಗೊತ್ತಾಯಿತು.

ಮೊದಲ ಸುತ್ತಿನಲ್ಲಿ ನೋಡಿದ್ದು ನಮ್ಮನ್ನು. ಶಶಿಯ ಏರಿಯಾದಲ್ಲಿ ಅವಳು ಒಂದು ಮನೆಯ ಅಡುಗೆಮನೆಗೆ ನೇರ ಹೋಗಿ, ಕೈ ತೊಳೆದು, ನೀರು ಅಳೆದು, ಚಿಟಿಕೆ ಉಪ್ಪು ಹಾಕಿ, ಕಲಸಿ, ರುಚಿ ನೋಡಿ, ಮಗುವಿಗೆ ಕುಡಿಸಿ ತೋರಿಸಿದಳಂತೆ. ಮೇಡಂ "ವೆರಿ ಗುಡ್" ಎಂದರಂತೆ. ಮಧ್ಯಾಹ್ನ ನನ್ನ ಸರದಿ. ನಿಂಗಮ್ಮನ ಮನೆ ಮುಂದೆ ನಿಂತೆವು. ಮಂಜ ಆಗ ಚೆನ್ನಾಗಿಯೇ ಇದ್ದ, ಜಗಲಿಯ ಮೇಲೆ ಪುರಿ ಚೆಲ್ಲಿಕೊಂಡು ಆಡುತ್ತಿದ್ದ.

"ಎಲ್ಲಿ, ಮಾಡಿ ತೋರಿಸಿ," ಎಂದರು ಮೇಡಂ.

ನಾನು ಕೈ ಹಿಂದೆ ಕಟ್ಟಿದೆ. "ಭಾಗ್ಯ, ಲೋಟ ತಗೊಂಬಾ."

"ಅವರಲ್ಲ, ನೀವು. ನಾನು ನೋಡೋಕೆ ಬಂದಿರೋದು ನಿಮ್ಮ ಕೆಲ್ಸ."

ನಾನು ನಿಂಗಮ್ಮನನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಅವತ್ತು ಮೊದಲ ಸಲ ಭಯ ಕಂಡಿತು. ದೊಡ್ಡ ಡಾಕ್ಟರಮ್ಮನ ಎದುರು ನಾನು ಬಾಯಿಬಿಟ್ಟರೆ ಪೊಲೀಸು, ಕೇಸು ಎಂದೆಲ್ಲ ಆಗುತ್ತದೆಂದು ಅವಳಿಗೂ ಗೊತ್ತಿತ್ತು. ನಾನು ಬಾಯಿಬಿಟ್ಟರೆ ನನ್ನ ಕೆಲಸ ಹೋಗುತ್ತದೆಂದು ನನಗೆ ಗೊತ್ತಿತ್ತು. ನನಗೆ ಅವಮಾನ ಮಾಡಿದವಳೂ ನಾನೂ ಸೇರಿ ಅದನ್ನು ಮುಚ್ಚಿಡುವುದೆಂದರೆ ಎಂಥ ಕರ್ಮ ನೋಡಿ.

"ಇಲ್ಲ ಮೇಡಂ, ನಾನು ತಾಯಂದ್ರ ಕೈಲೇ ಮಾಡಿಸೋದು," ಎಂದೆ.

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಕೈ ತೊಳೀಲಿಲ್ಲ, ಪಾತ್ರೆ ಮುಟ್ಟಲಿಲ್ಲ, ರುಚಿ ನೋಡಲಿಲ್ಲ. ಟ್ರೈನಿಂಗಲ್ಲಿ ಫಸ್ಟ್ ಬಂದೋರು ನೀವೇನಾ? ಬಿಸಿಲಲ್ಲಿ ನಿಂತು ಬಾಯಲ್ಲಿ ಹೇಳಿಬಿಟ್ರೆ ಕೆಲ್ಸ ಆಯ್ತಾ? ಇದಕ್ಕೆ ಸೋಮಾರಿತನ ಅಂತಾರೆ."

ಬೀದಿಯ ಹೆಂಗಸರೆಲ್ಲ ಕೇಳಿಸಿಕೊಂಡರು.

ಸೆಂಟರಿಗೆ ಬಂದ ಮೇಲೆ ಶಶಿ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. "ನಾನೇ ಹೇಳ್ತೀನಿ ಕಣೇ ಮೇಡಂಗೆ. ಇದು ಅನ್ಯಾಯ."

"ಬಾಯಿ ಮುಚ್ಕೊಂಡಿರು. ಹೇಳಿದ್ರೆ ಏನಾಗುತ್ತೆ ಗೊತ್ತಲ್ಲ?"

"ಹೇಳದಿದ್ರೆ ಕೆಲ್ಸ ನಂಗೆ ಬರುತ್ತೆ. ಹಂಗೆ ಬರೋದು ನಂಗೆ ಬೇಡ."

"ನಂಗೂ ನಿನ್ನ ಕರುಣೆ ಬೇಡ," ಎಂದುಬಿಟ್ಟೆ. ಅವಳ ಕಣ್ಣಲ್ಲಿ ನೀರು ತುಂಬಿತು. ಎರಡು ದಿನ ನಾವು ಮಾತಾಡಲಿಲ್ಲ.

ಅವತ್ತು ಸಂಜೆ ಮನೆಗೆ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬರಬೇಕೆನ್ನುವುದೂ ತೋಚಿರಲಿಲ್ಲ. ಅಪ್ಪ ಡಿಪೋದ ಗ್ರೀಸ್ ತೊಳೆದುಕೊಳ್ಳುತ್ತಾ ತಲೆ ಎತ್ತಿದ.

"ಏನು ಹಂಗೆ ನಿಂತಿದ್ದೀಯಾ? ಕೈ ಯಾಕೆ ಹಿಂದೆ?"

ನೋಡಿಕೊಂಡೆ. ನನ್ನ ಮನೆಯ ಬಾಗಿಲಲ್ಲೂ ನಾನು ಕೈ ಹಿಂದೆ ಕಟ್ಟಿ ನಿಂತಿದ್ದೆ. ಅಳು ಒತ್ತಿಕೊಂಡು ಬಂತು. ಎಲ್ಲ ಹೇಳಿದೆ. ಅಪ್ಪ ಕೂಗಾಡುತ್ತಾನೆ, ಕೆಲಸ ಬಿಡು ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಸೋಪಿನ ಕೈಯಲ್ಲೇ ಎದ್ದು ನನ್ನ ಹತ್ತಿರ ಬಂದ.

"ಆ ಮಕ್ಳು ನೀರು ಕುಡೀತಾವಾ?" ಎಂದ.

"ಕುಡೀತಾವೆ."

"ಹಂಗಾದ್ರೆ ಹೋಗು. ಆದ್ರೆ ಕೈ ಮುಂದಕ್ಕೆ ತಗೋ ಮಗಳೇ. ನಂಗೆ ನೋಡೋಕಾಗ್ತಿಲ್ಲ."

ಎರಡನೆಯ ಸುತ್ತಿಗೆ ಮೇಡಂ ಜೀಪಿನಲ್ಲಿ ಬಂದರು. ಅಷ್ಟರಲ್ಲಿ ಭೇದಿ ಎರಡೂ ಏರಿಯಾಗಳಿಗೆ ಹರಡಿತ್ತು. "ನಿಮ್ಮನ್ನ ನೋಡಿದ್ದಾಯ್ತು. ಇವತ್ತು ತಾಯಂದಿರನ್ನ ನೋಡ್ತೀನಿ. ನೀವಿಬ್ರೂ ನನ್ನ ಜೊತೆ ಇರಿ, ಒಂದಕ್ಷರ ಮಾತಾಡೋ ಹಾಗಿಲ್ಲ," ಎಂದರು. ಮೊದಲು ಶಶಿಯ ಏರಿಯಾ. ಒಬ್ಬ ತಾಯಿಗೆ ಮಾಡಿ ತೋರಿಸಮ್ಮ ಎಂದರೆ ಅವಳು ನಾಚಿಕೊಂಡು, "ಶಶಕ್ಕ ಬಂದು ಮಾಡ್ಕೊಡ್ತಾರೆ ಮೇಡಂ, ಎಷ್ಟು ನೀಟಾಗಿ ಮಾಡ್ತಾರೆ!" ಎಂದಳು. ಬಲವಂತ ಮಾಡಿದರೆ ಒಂದು ಚಮಚ ತುಂಬ ಉಪ್ಪು ಲೋಟಕ್ಕೆ ಸುರಿದಳು. ಇನ್ನೊಂದು ಮನೆಯಲ್ಲಿ ನೀರನ್ನೇ ಅಳೆಯಲಿಲ್ಲ. ಶಶಿಯ ಮುಖ ಸಪ್ಪಗಾಯಿತು. ಮೇಡಂ ಏನೂ ಹೇಳದೆ ಜೀಪು ಹತ್ತಿದರು.

ನನ್ನ ಹಳ್ಳಿಯ ಬೀದಿಗೆ ತಿರುಗಿದಾಗಲೇ ಗಲಾಟೆ ಕೇಳಿಸಿತು. ನಿಂಗಮ್ಮನ ಜಗಲಿಯ ತುಂಬ ಜನ. ಮಂಜನಿಗೆ ಬೆಳಗಿನಿಂದ ಭೇದಿ. ಕಣ್ಣು ಗುಳಿ ಬಿದ್ದಿತ್ತು, ತುಟಿ ಒಣಗಿತ್ತು, ಅಳುವುದಕ್ಕೂ ಕಣ್ಣೀರಿರಲಿಲ್ಲ. ನಿಂಗಮ್ಮ ಎದೆ ಬಡಿದುಕೊಳ್ಳುತ್ತಿದ್ದಳು. "ಹೊಟ್ಟೆ ಕಿತ್ಕೊಂಡು ಹೋಗೋ ಕೂಸಿಗೆ ನೀರು ಹುಯ್ತಾರೇನೇ? ಹುಯ್ದಷ್ಟೂ ಹೋಯ್ತದೆ, ಬ್ಯಾಡ ಅಂದ್ರೆ ಕೇಳಕ್ಕಿಲ್ಲ!"

"ಸುಮ್ಕಿರತ್ತೆ! ನೀರು ಬತ್ತಿದ್ರೇನೇ ಸಾಯೋದು," ಎಂದಳು ಭಾಗ್ಯ. ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಲೋಟ ಮುಂದಿಟ್ಟುಕೊಂಡು ಕೂತಿದ್ದಳು. ಪಕ್ಕದ ಮನೆಯವಳು "ಕೈ ತೊಳ್ದಾ?" ಎಂದಳು. "ತೊಳ್ದೆ." ಸಕ್ಕರೆ ಬಿತ್ತು. ಭಾಗ್ಯ ಮೂರು ಬೆರಳ ತುದಿಯಲ್ಲಿ ಉಪ್ಪು ಹಿಡಿದು, ತನಗೆ ತಾನೇ ಗೊಣಗಿಕೊಂಡಳು. "ಚಿಟಿಕೆ ಅಂದ್ರೆ ಚಿಟಿಕೆ, ಮೂಟೆ ಅಲ್ಲ." ಕಲಸಿ, ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದಳು.

"ಯಾಕಮ್ಮ ನೆಕ್ಕಿದ್ದು?" ಎಂದು ಮೇಡಂ ಕೇಳಿದರು.

"ಕಣ್ಣೀರಿಗಿಂತ ಉಪ್ಪಾಗಬಾರ್ದು ಮೇಡಂ."

ಮೇಡಂ ಜಗಲಿ ಹತ್ತಿ ಮಗುವಿನ ಹೊಟ್ಟೆಯ ಚರ್ಮ ಹಿಡಿದು ನೋಡಿದರು. ಅಷ್ಟರಲ್ಲಿ ಮಗು ವಾಂತಿ ಮಾಡಿತು. ಭಾಗ್ಯ ಬೆದರಿ ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡಳು. ಚಮಚ ಜಗಲಿಯ ಮೇಲೆ ಬಿತ್ತು.

"ಮಗೂನ ಎತ್ತಿ ಹಿಡ್ಕೋ. ಚಂದ್ರಾ, ನೀವು ಕುಡಿಸಿ. ಒಂದೊಂದೇ ಚಮಚ, ನಿಲ್ಲಿಸಬೇಡಿ."

ಲೋಟ ನನ್ನಿಂದ ಒಂದು ಮೊಳ ದೂರದಲ್ಲಿತ್ತು. ನನ್ನ ಕೈ ಬಿಚ್ಚಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ, ನನ್ನ ಕಣ್ಣು ನಿಂಗಮ್ಮನ ಮೇಲೆ. ಅವಳು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

"ಏನ್ರೀ ನೋಡ್ತಾ ನಿಂತಿದ್ದೀರಾ? ಮಗು ಹೋಗ್ತಿದೆ!" ಮೇಡಂ ಕೂಗಿದರು.

ಆ ಕೂಗಿಗೆ ಬೆನ್ನ ಹಿಂದಿನ ಗಂಟು ಬಿಚ್ಚಿತು. ಮೆಟ್ಟಿಲು ಹತ್ತಿದೆ. ಮೇಡಂ ಕೆಳಗೆ ಬಿದ್ದಿದ್ದ ಚಮಚದ ಮೇಲೆ ಬಿಸಿನೀರು ಹುಯ್ಯಿಸಿ ನನ್ನ ಕೈಗಿಟ್ಟರು. ಲೋಟ ಎತ್ತಿಕೊಂಡೆ. ನಿಂಗಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಯಾರನ್ನೂ ನೋಡಲಿಲ್ಲ, ಮಂಜನ ತುಟಿ ಮಾತ್ರ ನೋಡಿದೆ. ಒಂದು ಚಮಚ, ಸ್ವಲ್ಪ ತಡೆದು ಇನ್ನೊಂದು. ಉಗುಳಿದ, ಮತ್ತೆ ಕೊಟ್ಟೆ. ಬಿಸಿಲು ಜಗಲಿಯಿಂದ ಇಳಿದು ಬೀದಿಗೆ ಹೋಗುವವರೆಗೂ ಕೊಡುತ್ತಲೇ ಇದ್ದೆ. ಭಾಗ್ಯ ಎರಡನೆಯ ಲೋಟ ಕಲಸಿದಳು, ಮೂರನೆಯದನ್ನೂ ಕಲಸಿದಳು. ಕೊನೆಗೆ ಮಂಜ ತಾನೇ ಕೈ ಚಾಚಿ ಲೋಟದ ಅಂಚು ಹಿಡಿದು ಎಳೆದ, ಆಮೇಲೆ ಜೋರಾಗಿ ಅತ್ತ. ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಮೇಡಂ ಉಸಿರು ಬಿಟ್ಟು, "ಬದುಕ್ತು" ಎಂದರು.

ನಾನು ಲೋಟ ಕೆಳಗಿಟ್ಟು ಇಳಿದೆ. ನಿಂಗಮ್ಮ ಬಂದು ಅದನ್ನು ಸೆರಗಿನ ತುದಿಯಲ್ಲಿ ಹಿಡಿದೆತ್ತಿಕೊಂಡಳು. ಅಂಗಳದ ಮೂಲೆಗೆ ಹೋಗಿ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದಳು. ಆಮೇಲೆ ನೀರೊಲೆಯ ಕೆಂಡದ ಮೇಲೆ ಹಿಡಿದು ಸುಟ್ಟಳು. ಅದೇ ಲೋಟದ ನೀರು ಕುಡಿದ ಮೊಮ್ಮಗ ಪಕ್ಕದಲ್ಲೇ ತಾಯಿಯ ಮಡಿಲಲ್ಲಿ ಅಳುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಥೂ ಎಂದು ಉಗಿದು ಬರಬೇಕೆನ್ನಿಸಿತು. ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಆ ಕೆಂಡವನ್ನೇ ನೋಡುತ್ತಾ ನಿಂತಿದ್ದರು.

ಜೀಪಿನ ಹತ್ತಿರ ಬಂದ ಮೇಲೆ ಕೇಳಿದರು. "ಯಾವಾಗಿಂದ?"

"ಮೊದಲ್ನೇ ದಿನದಿಂದ."

"ನಂಗ್ಯಾಕೆ ಹೇಳಲಿಲ್ಲ? ನಾನು ಅಷ್ಟು ಬೈದೆ."

"ಹೇಳಿದ್ರೆ ಏನ್ ಮಾಡ್ತಿದ್ರಿ ಮೇಡಂ?"

ಅವರು ಯೋಚಿಸಿದರು. ಸುಳ್ಳು ಹೇಳುವ ಹೆಂಗಸಲ್ಲ. "ನಿಮ್ಮ ಏರಿಯಾ ಬದಲಾಯಿಸ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

ಶಶಿ ನನ್ನ ಕೈ ಹಿಡಿದುಕೊಂಡಳು. ದಾರಿಯುದ್ದಕ್ಕೂ ಬಿಡಲಿಲ್ಲ.

ವರದಿಯಲ್ಲಿ ಮೇಡಂ ನನ್ನ ಹೆಸರನ್ನೇ ಮೊದಲು ಬರೆದರು. ಮಳೆಗಾಲ ಹಿಡಿಯುವ ಹೊತ್ತಿಗೆ ಅದೇ ಹಾಲಿನಲ್ಲಿ ಹೊಸ ಕಾರ್ಯಕರ್ತೆಯರ ಟ್ರೈನಿಂಗ್ ಇತ್ತು. ನನ್ನನ್ನು ಕರೆಸಿದರು. ನಮ್ಮ ಮೇಲಧಿಕಾರಿಗಳೂ ಬಂದು ವೇದಿಕೆಯ ಮೇಲೆ ಕೂತಿದ್ದರು, ನನ್ನ ಖಾಯಂ ಆರ್ಡರ್ ಅವರ ಮುಂದೆ ಮೇಜಿನ ಮೇಲಿತ್ತು. ಅವತ್ತೇ ಕೊಡುವುದೆಂದು ಮಾತಾಗಿತ್ತು, ಇನ್ನೂ ಕೊಟ್ಟಿರಲಿಲ್ಲ. ನಾನು ಎದ್ದು ನಿಂತು, ತಾಯಿಯ ಕೈಯಿಂದಲೇ ಹೇಗೆ ಮಾಡಿಸುವುದು ಎಂದು ತೋರಿಸಿದೆ. ಅಭ್ಯಾಸವಾಗಿ ಕೈ ತಾನೇ ಹಿಂದೆ ಹೋಯಿತು. ಮುಂದಿನ ಸಾಲಿನ ಹುಡುಗಿ ಕೇಳಿದಳು.

"ಸಖತ್ತಾಗಿದೆ ಅಕ್ಕ. ಈ ಐಡಿಯಾ ನಿಮಗೆ ಹೆಂಗೆ ಹೊಳೀತು?"

ನಾನು ಮೇಜಿನ ಮೇಲಿದ್ದ ಆರ್ಡರ್ ನೋಡಿದೆ, ಮೇಡಂ ಮುಖ ನೋಡಿದೆ. ನನಗೆ ಅಪ್ಪನ ಸೋಪಿನ ಕೈ ಕಣ್ಣಮುಂದೆ ಬಂತು.

"ಹೊಳೀಲಿಲ್ಲಮ್ಮ," ಎಂದೆ. "ನಾನು ಇಂಥ ಜಾತಿಯವಳು ಅಂತ ನನ್ನನ್ನ ಪಾತ್ರೆ ಮುಟ್ಟೋಕೆ ಬಿಡಲಿಲ್ಲ. ಅದಕ್ಕೆ ಕೈ ಹಿಂದೆ ಕಟ್ಕೊಂಡೆ. ತಾಯಂದ್ರು ಕಲಿತ್ರು, ಅದು ಒಳ್ಳೇದಾಯ್ತು. ಆದ್ರೆ ಇದಕ್ಕೆ ಐಡಿಯಾ ಅನ್ಬೇಡಿ."

ಬರೆದುಕೊಳ್ಳುತ್ತಿದ್ದ ಪೆನ್ನುಗಳೆಲ್ಲ ನಿಂತವು. ಮೇಲಧಿಕಾರಿಗಳು ಗಂಟಲು ಸರಿಮಾಡಿಕೊಂಡರು. "ಅದೆಲ್ಲ ಈಗ ಬೇಡಮ್ಮ. ಮೆಥಡ್ ಮಾತ್ರ ಹೇಳಿ, ಮೆಥಡ್ ಚೆನ್ನಾಗಿದೆ."

"ಅದನ್ನೂ ಬರ್ಕೊಳ್ಳಿ," ಎಂದರು ಡಾಕ್ಟರ್ ಸುಲೋಚನಾ, ಹಿಂದಿನಿಂದ. ಆದರೆ ಹುಡುಗಿಯರು ವೇದಿಕೆಯ ಕಡೆ ನೋಡಿದರು, ಮೇಡಂ ಕಡೆ ನೋಡಿದರು, ಯಾರೂ ಬರೆದುಕೊಳ್ಳಲಿಲ್ಲ. ಆಮೇಲೆ ಎಲ್ಲರೂ ಎದ್ದು ಕೈ ಹಿಂದೆ ಕಟ್ಟಿಕೊಂಡು ಅಭ್ಯಾಸ ಮಾಡಿದರು. ನನಗೆ ಆರ್ಡರ್ ಕೊಟ್ಟರು, ಚಪ್ಪಾಳೆ ತಟ್ಟಿದರು. ಶಶಿ ಆ ವರ್ಷವೇ ಜಯನಗರದ ಒಂದು ನರ್ಸಿಂಗ್ ಹೋಮಿಗೆ ಸೇರಿದಳು. ಹೋಗುವಾಗ ನನ್ನನ್ನು ತಬ್ಬಿಕೊಂಡು, "ನಿನ್ನ ಬಾಯಿ ಹಿಂಗೇ ಇರ್ಲಿ ಕಣೇ" ಎಂದಳು.

ಖಾಯಂ ಆದ ಮೇಲೆ ಆ ಹಳ್ಳಿಗೆ ಮೊದಲ ಸಲ ಹೋದಾಗ ಕೈ ಮುಂದೆ ಇಟ್ಟುಕೊಂಡು ಹೋದೆ. ಭಾಗ್ಯ ನೀರು ಕಲಸಿದಳು. "ಕೊನೇಗೆ ನಾನೂ ರುಚಿ ನೋಡ್ಬೇಕು, ನನ್ನ ಟ್ರೈನಿಂಗಲ್ಲಿ ಹಂಗಿದೆ. ಲೋಟ ಕೊಡು" ಎಂದೆ. ನಿಂಗಮ್ಮ ಒಳಗೆದ್ದು ಹೋದಳು. ಭಾಗ್ಯ ಒಳಬಾಗಿಲ ಕಡೆ ತಿರುಗಿ ನೋಡಿ, ಲೋಟ ಮೇಲೆತ್ತಿ, ನನ್ನ ಅಂಗೈಗೆ ಸ್ವಲ್ಪ ಹುಯ್ದಳು. ಲೋಟ ಕೊಡಲಿಲ್ಲ. ಅವಳ ಕಣ್ಣು ತುಂಬಿತ್ತು, ಆದರೂ ಕೊಡಲಿಲ್ಲ. ನನಗೆ ಬೇರೆ ಕಡೆ ವರ್ಗವಾಗುವವರೆಗೂ ಪ್ರತಿ ಸಲ ಕೇಳಿದೆ, ಪ್ರತಿ ಸಲವೂ ಅಂಗೈಗೇ ಬಿತ್ತು.

ಅಂಜನಾಪುರದ ಆ ಹುಡುಗಿ ಇನ್ನೂ ನನ್ನ ಮುಖ ನೋಡುತ್ತಾ ನಿಂತಿದ್ದಳು. ಕೈ ಹಿಂದೆಯೇ ಇತ್ತು. ಅವಳ ಜಾತಿ ನಾನು ಕೇಳಲಿಲ್ಲ, ಅದು ನನಗೆ ಬೇಕಾಗಿಯೂ ಇರಲಿಲ್ಲ.

"ಕೈ ಮುಂದಕ್ಕೆ ತಗೋ ಮಗಳೇ," ಎಂದೆ.

"ಆಂಟಿ, ಟ್ರೈನಿಂಗಲ್ಲಿ..."

"ಗೊತ್ತಮ್ಮ. ತಗೋ."

ಅವಳು ಏನೂ ಅರ್ಥವಾಗದೆ ಕೈ ಮುಂದೆ ತಂದಳು. ನಾನು ಎದ್ದು ಹೋಗಿ ಮಗುವಿನ ತಾಯಿಯ ಮುಂದೆ ನಿಂತೆ. "ಕೊನೇಗೆ ರುಚಿ ನೋಡ್ಬೇಕು, ಟ್ರೈನಿಂಗಲ್ಲಿ ಅದನ್ನ ಮರೆತುಬಿಟ್ಟಿದ್ದಾರೆ. ಆ ಲೋಟ ಇಲ್ಲಿ ಕೊಡಮ್ಮ."

ನನ್ನ ಅಂಗೈ ತಾನಾಗಿಯೇ ಬೊಗಸೆಯಾಗಿತ್ತು. ಆ ತಾಯಿ ಒಂದು ಗಳಿಗೆ ಅದನ್ನು ನೋಡಿದಳು. "ಅಯ್ಯೋ, ಕೈಗೆ ಯಾಕೆ ಆಂಟಿ, ಹಿಡ್ಕೊಳ್ಳಿ," ಎಂದು ಲೋಟವನ್ನೇ ನನ್ನ ಕೈಗಿಟ್ಟಳು.

ಮಗುವಿಗೆ ಬೇಕಾದಷ್ಟನ್ನು ಬೇರೆ ಲೋಟಕ್ಕೆ ಬಗ್ಗಿಸಿಟ್ಟು, ಲೋಟ ತುಟಿಗಿಟ್ಟು ಒಂದು ಗುಟುಕು ಕುಡಿದೆ. ಉಪ್ಪು ಸರಿಯಾಗಿತ್ತು.